ಆಪತ್ತಿಗೆ ಬಿಚ್ಚಿದ ಗಂಟು

ಜಿಪುಣರ ಕತೆಗಳನ್ನು ಓದಿ ಚಪ್ಪರಿಸುವುದು ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ಒಂದು ಚಟವೇ ಆಗಿತ್ತು. ಬರ್ಕ್‌ಷೈರಿನಿಂದ ಪಾರ್ಲಿಮೆಂಟಿಗೆ ಆರಿಸಿಹೋಗಿದ್ದ ಜಾನ್ ಎಲ್ವೆಸ್ ಗಾಡಿ ಬಾಡಿಗೆ ಉಳಿಸಲು ಮಳೆಯಲ್ಲೇ ನಡೆದು ಬರುತ್ತಿದ್ದ, ಮನೆಗೆ ಬಂದ ಮೇಲೆ ಸೌದೆ ಉಳಿಸಲು ಒದ್ದೆ ಬಟ್ಟೆಯಲ್ಲೇ ಕೂತಿರುತ್ತಿದ್ದ ಎಂಬುದು ಮನೆಮಾತಾಗಿತ್ತು. ಅವನು 1789ರಲ್ಲಿ ಸತ್ತ. ಮರುವರ್ಷವೇ ಎಡ್ವರ್ಡ್ ಟಾಪ್‌ಹ್ಯಾಮ್ ಬರೆದ ಅವನ ಜೀವನಚರಿತ್ರೆ ಹೊರಬಂದು ಮುದ್ರಣದ ಮೇಲೆ ಮುದ್ರಣ ಕಂಡಿತು. ಹ್ಯಾರೋ ಕಡೆಯ ಡೇನಿಯಲ್ ಡಾನ್ಸರ್ 1794ರಲ್ಲಿ ತೀರಿಕೊಂಡಾಗ ಕೊಟ್ಟಿಗೆಯ ಗೊಬ್ಬರದ ರಾಶಿಯೊಳಗೂ ದುಡ್ಡು ಸಿಕ್ಕಿತು. ಈ ಚಾಳಿಗೆ ಇಂಗ್ಲಿಷಿನಲ್ಲಿ ಫಿಲಾರ್ಜಿರಿ ಎಂಬ ಗ್ರೀಕ್ ಮೂಲದ ಅಪರೂಪದ ಪದವೂ ಇದೆ. ಬೆಳ್ಳಿಯ ಮೋಹ ಎಂದು ಅದರರ್ಥ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಎಲ್ವೆಸನನ್ನು ಕಂಡು ಇಂಗ್ಲಿಷರು ನಕ್ಕರೇ ಹೊರತು ಇಂಗ್ಲೆಂಡೇ ಜಿಪುಣ ದೇಶವೆಂದು ಯಾರೂ ಹೇಳಲಿಲ್ಲ. ಭಾರತದ ವಿಷಯ ಬಂದಾಗ ಮಾತ್ರ ಅದೇ ದೋಷ ಒಬ್ಬಿಬ್ಬರಿಂದ ಇಡೀ ಜನಸಮುದಾಯಕ್ಕೆ ಹಬ್ಬಿತು. ಚಿನ್ನ ಬೆಳ್ಳಿಯನ್ನು ಹೂತಿಟ್ಟು ಸತ್ತ ಹಣವಾಗಿಸುವ ದೇಶ ಎಂಬ ಹಣೆಪಟ್ಟಿ ವಿದೇಶಿ ಪ್ರವಾಸಿಗಳಿಂದ ಸರ್ಕಾರಿ ಸಮಿತಿಗಳಿಗೆ, ಅಲ್ಲಿಂದ ಸ್ವತಂತ್ರ ಭಾರತದ ಮಂತ್ರಿಗಳ ಭಾಷಣಗಳಿಗೆ ದಾಟಿ ಬಂತು.

ಈ ಆರೋಪವನ್ನು ಪರೀಕ್ಷಿಸಲು ಒಂದು ಒರೆಗಲ್ಲು ಸಾಕು. ಕೂಡಿಡುವುದೊಂದರಿಂದಲೇ ಯಾರೂ ಜಿಪುಣರಾಗುವುದಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟವನು ಆಪತ್ತು ಬಂದಾಗ ಗಂಟು ಬಿಚ್ಚಿದರೆ ಅವನು ಮುಂದಾಲೋಚನೆಯವನು. ಆಪತ್ತಿನಲ್ಲೂ ಬಿಚ್ಚದಿದ್ದರೆ ಜಿಪುಣ. ಎಲ್ವೆಸನೂ ಡಾನ್ಸರನೂ ಬಿಚ್ಚಲಿಲ್ಲ. ಭಾರತದ ಮನೆಗಳು ಬಿಚ್ಚಿದುವೇ? ಕಳೆದ ನೂರೈವತ್ತು ವರ್ಷಗಳ ದಾಖಲೆ ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟ ಉತ್ತರ ಕೊಡುತ್ತದೆ. ಇಲ್ಲಿನ ಕೂಡಿಡುವಿಕೆ ಕಾನೂನು, ಸರ್ಕಾರ, ಬ್ಯಾಂಕು ಈ ಮೂರೂ ಕೈಕೊಟ್ಟಲ್ಲಿ ಜನರೇ ಕಟ್ಟಿಕೊಂಡ ವಿಮೆಯಾಗಿತ್ತು. ಅದನ್ನು ದುರ್ಗುಣವೆಂದು ಕರೆದವರಲ್ಲಿ ಹಲವರಿಗೆ ಹಾಗೆ ಕರೆಯುವುದರಿಂದ ಲಾಭವೂ ಇತ್ತು.

ದೂರು ಹಳೆಯದು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಷ್ಟು ಹಣವನ್ನು ಸಾಮ್ರಾಜ್ಯದಿಂದ ಎಳೆದುಕೊಳ್ಳುತ್ತದೆಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಗೊಣಗಿದ್ದ. ಭಾರತ, ಚೀನಾ, ಅರೇಬಿಯಾ ಮೂರೂ ಸೇರಿ 10 ಕೋಟಿ ಎಂದು ಇನ್ನೊಂದು ಕಡೆ ಲೆಕ್ಕ ಹಾಕಿದ್ದ. ಆ ಹಣದ ಗುರುತು ಕರ್ನಾಟಕದ ಮಣ್ಣಿನಲ್ಲೂ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ, ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ಅಂಥದೇ ನಾಣ್ಯಗಳ ಗಂಟು ಸಿಕ್ಕಿತು, ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಬೈಜಾಂಟಿಯಂನ ಚಿನ್ನದ ನಾಣ್ಯಗಳು ಬಂದವು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಹಲವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಚ್ಚು ಹಾಕಿದ್ದಾರೆ. ಕೆಲವಕ್ಕೆ ಅಂಚಿನಲ್ಲಿ ತೂತು ಕೊರೆದು ದಾರ ಪೋಣಿಸಲು ಅನುವು ಮಾಡಿದ್ದಾರೆ. ಆ ತೂತು ಬಹಳ ಹೇಳುತ್ತದೆ. ನಾಣ್ಯ ಇಲ್ಲಿ ಒಡವೆಯೂ ಆಯಿತು. ಕೊರಳಲ್ಲಿದ್ದಷ್ಟು ದಿನ ಅಲಂಕಾರ, ಬೇಕೆಂದ ದಿನ ಹಣ. ಇಂದಿನ ಕಾಸಿನ ಸರದ ತರ್ಕವೂ ಇದೇ. ಇನ್ನು ಪ್ಲಿನಿ ನಷ್ಟವೆಂದು ಬರೆದದ್ದು ನಿಜಕ್ಕೂ ವ್ಯಾಪಾರ: ರೋಮಿನವರು ಮೆಣಸು, ಮುತ್ತು, ನಯವಾದ ಬಟ್ಟೆ ಕೊಂಡರು, ಅದಕ್ಕೆ ಬೆಲೆ ತೆತ್ತರು.

ಹದಿನೇಳನೆಯ ಶತಮಾನಕ್ಕೆ ಬಂದರೆ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೇ ಸಿಗುತ್ತಾನೆ. ಔರಂಗಜೇಬನ ಕಾಲದ ಮೊಗಲ್ ರಾಜ್ಯದಲ್ಲಿ ವರ್ಷಗಟ್ಟಲೆ ಇದ್ದು, ಊರಿಗೆ ಮರಳಿದ ಮೇಲೆ ಫ್ರಾನ್ಸಿನ ಮಂತ್ರಿ ಕೋಲ್ಬೇರನಿಗೆ ದೀರ್ಘ ಪತ್ರ ಬರೆದವನು ಅವನು. ಜಗತ್ತಿನ ಚಿನ್ನ ಬೆಳ್ಳಿಯೆಲ್ಲ ಸುತ್ತಿ ಬಳಸಿ ಕೊನೆಗೆ ಹಿಂದೂಸ್ತಾನಕ್ಕೆ ಬಂದು ಬೀಳುತ್ತದೆ, ಬಿದ್ದದ್ದು ಮರಳಿ ಹೋಗುವುದಿಲ್ಲ ಎಂಬ ಚಿತ್ರವನ್ನು ಯುರೋಪಿನ ಮನಸ್ಸಿನಲ್ಲಿ ಗಟ್ಟಿಯಾಗಿ ಊರಿದವರಲ್ಲಿ ಅವನು ಮುಖ್ಯ. ಆದರೆ ಅವನನ್ನು ಮುಂದೆ ಉದಾಹರಿಸಿದವರು ಅವನು ಕೊಟ್ಟ ಕಾರಣವನ್ನು ಬದಿಗೆ ಸರಿಸಿದರು. ಜನ ಹಣ ಹೂತಿಡುವುದು ಹೆದರಿಕೆಯಿಂದ ಎಂದು ಬರ್ನಿಯೇ ಬರೆದಿದ್ದ. ಕೈಯಲ್ಲಿ ಕಾಸಿದೆಯೆಂದು ಗೊತ್ತಾದರೆ ಅಧಿಕಾರಿ ಕಿತ್ತುಕೊಳ್ಳುತ್ತಾನೆ. ಆದ್ದರಿಂದ ಇದ್ದವನೂ ಇಲ್ಲದವನ ವೇಷ ಹಾಕುತ್ತಾನೆ. ಸತ್ತ ಮೇಲೆ ಉಪಯೋಗಕ್ಕೆ ಬರುತ್ತದೆಂದು ನಂಬಿ ಹೂಳುವವರೂ ಇದ್ದಾರೆ ಎಂದು ಅವನು ಸೇರಿಸಿದ್ದು ನಿಜ. ಆದರೂ ಅವನ ವಾದದ ಭಾರ ಬಿದ್ದದ್ದು ಆಸ್ತಿಗೆ ಭದ್ರತೆ ಕೊಡದ ಆಳ್ವಿಕೆಯ ಮೇಲೆ. ಅಂದರೆ ಕಣ್ಣಾರೆ ಕಂಡವನು ದೋಷವನ್ನು ಆಳುವವರಲ್ಲಿ ಕಂಡಿದ್ದ. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಆ ದೋಷ ಆಳಿಸಿಕೊಂಡವರ ಸ್ವಭಾವವಾಗಿ ಬದಲಾಗಿತ್ತು.

ಬದಲಾವಣೆಗೆ ಹಿನ್ನೆಲೆ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ ಚಿನ್ನದ ಮಾನದಂಡದ ರಾಜಧಾನಿ. ಅಲ್ಲಿನ ಚಿನ್ನದ ದಾಸ್ತಾನು ಪೂರ್ವಕ್ಕೆ ಹರಿದುಹೋದರೆ ಬಡ್ಡಿದರ ಏರುತ್ತದೆ, ಸಾಲದ ಸಂತೆ ನಡುಗುತ್ತದೆ. ರಫ್ತಿನಲ್ಲಿ ಮಿಗತೆ ಗಳಿಸುತ್ತಿದ್ದ ಭಾರತ ಅದಕ್ಕೆ ಪ್ರತಿಯಾಗಿ ಚಿನ್ನ ಕೇಳುವುದನ್ನು ತಡೆಯುವುದು ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ನಿತ್ಯದ ಚಿಂತೆಯಾಗಿತ್ತು. ಆ ಕಚೇರಿಯಲ್ಲೇ 1906ರಿಂದ 1908ರವರೆಗೆ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1913ರಲ್ಲಿ ಭಾರತದ ನಾಣ್ಯ ವ್ಯವಸ್ಥೆಯ ಮೇಲೆ ತನ್ನ ಮೊದಲ ಪುಸ್ತಕ ಬರೆದ. ಅಮೂಲ್ಯ ಲೋಹಗಳ ಮೇಲಿನ ಭಾರತೀಯರ ಒಲವು ಅವರ ಆರ್ಥಿಕ ಬೆಳವಣಿಗೆಗೆ ಮಾರಕ ಎಂಬುದು ಅದರಲ್ಲಿನ ಒಂದು ವಾದ. ಅದೇ ವರ್ಷಗಳಲ್ಲಿ ಕೋಲಾರದ ಗಣಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಅಲ್ಲಿಗೆ ಬಂದಿತ್ತು. ಮೈಸೂರಿನ ನೆಲದಾಳದಿಂದ ತೆಗೆದ ಆ ಚಿನ್ನ ಶುದ್ಧೀಕರಣಕ್ಕೂ ಮಾರಾಟಕ್ಕೂ ನೇರ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಚಿನ್ನ ನುಂಗುವ ದೇಶವೆಂದು ಬೈಸಿಕೊಂಡದ್ದು ತಾನು ಅಗೆದ ಚಿನ್ನವನ್ನು ಲಂಡನ್ನಿಗೆ ಕಳಿಸಿ, ಬೇಕಾದದ್ದನ್ನು ಸವರನ್ ನಾಣ್ಯಗಳ ರೂಪದಲ್ಲಿ ಮರಳಿ ಕೊಳ್ಳುತ್ತಿತ್ತು. ಕರಾವಳಿಯ ಒಡವೆ ಅಂಗಡಿಗಳಲ್ಲಿ ಇಂದಿಗೂ ಎಂಟು ಗ್ರಾಂ ಚಿನ್ನವನ್ನು ಪವನು ಎಂದೇ ಅಳೆಯುತ್ತಾರೆ. ಅದು ಒಂದು ಪೌಂಡ್ ಬೆಲೆಯ ಆ ಸವರನ್ ನಾಣ್ಯದ ತೂಕ.

ಹಳ್ಳಿಯ ಮಟ್ಟದಲ್ಲಿ ಜನ ಕೂಡಿಟ್ಟದ್ದು ಬಹುಮಟ್ಟಿಗೆ ಬೆಳ್ಳಿ. ಕಾಲ್ಕಡಗ, ಡಾಬು, ಉಡಿದಾರ, ತೋಳ್ಬಂದಿ. ಇವು ಸತ್ತ ಹಣವಾಗಿದ್ದುವೇ ಎಂದು ತಿಳಿಯಲು ಅಕ್ಕಸಾಲಿಯ ತಕ್ಕಡಿಯನ್ನು ಹತ್ತಿರದಿಂದ ನೋಡಬೇಕು. ಅಂದಿನ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, 180 ಗ್ರೇನು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಹೀಗಾಗಿ ರೂಪಾಯಿಯೇ ತೂಕದ ಬಟ್ಟು. ಸುಗ್ಗಿಯಲ್ಲಿ ಕೈಗೆ ಬಂದ ಇಪ್ಪತ್ತು ರೂಪಾಯಿಯನ್ನು ರೈತ ಅಕ್ಕಸಾಲಿಗೆ ಕೊಟ್ಟರೆ ಅವನು ಅದನ್ನೇ ಕರಗಿಸಿ ಕಡಗ ಮಾಡಿಕೊಡುತ್ತಿದ್ದ, ಕೂಲಿ ಬೇರೆ. ಬೇಕಾದಾಗ ಕಡಗವನ್ನು ತಕ್ಕಡಿಯ ಒಂದು ತಟ್ಟೆಗೆ, ರೂಪಾಯಿಗಳನ್ನು ಇನ್ನೊಂದಕ್ಕೆ ಹಾಕಿದರೆ ವ್ಯವಹಾರ ಮುಗಿಯಿತು. ಯಾರು ಬೇಕಾದರೂ ಬೆಳ್ಳಿ ಒಯ್ದು ಸಣ್ಣ ಶುಲ್ಕ ತೆತ್ತು ರೂಪಾಯಿ ಅಚ್ಚು ಹಾಕಿಸಿಕೊಳ್ಳಲು ಬೊಂಬಾಯಿ, ಕಲ್ಕತ್ತೆಯ ಟಂಕಸಾಲೆಗಳು ತೆರೆದಿದ್ದುದರಿಂದ ಕಡಗಕ್ಕೂ ರೂಪಾಯಿಗೂ ಬೆಲೆಯಲ್ಲಿ ದೊಡ್ಡ ಅಂತರ ಬೀಳುವಂತಿರಲಿಲ್ಲ. ಬಡ್ಡಿ ಬರುವುದಿಲ್ಲ, ಅದು ನಿಜ. ಆದರೆ ಹತ್ತು ಮೈಲಿ ಸುತ್ತಿನಲ್ಲಿ ಬ್ಯಾಂಕೇ ಇಲ್ಲದ ಕಡೆ ಬಡ್ಡಿಯ ಮಾತಾದರೂ ಎಲ್ಲಿಯದು?

ಈ ವಿಮೆಯ ಮೊದಲ ದೊಡ್ಡ ಪರೀಕ್ಷೆ 1876–78ರ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ನಡುವೆ ಹುಟ್ಟಬೇಕಾಗಿದ್ದವರನ್ನೂ ಸೇರಿಸಿದರೆ ಐದರಲ್ಲಿ ಒಂದು ಪಾಲಿನಷ್ಟು ಜನ ಇಲ್ಲವಾದರು. ಬಿಜಾಪುರ, ಬಳ್ಳಾರಿಯ ಕಡೆಯ ಸ್ಥಿತಿಯೂ ಅಷ್ಟೇ ಭೀಕರ. ಆ ವರ್ಷಗಳಲ್ಲಿ ಬೊಂಬಾಯಿಯ ಟಂಕಸಾಲೆಗೆ ಎಂದೂ ಕಾಣದ ಪ್ರಮಾಣದಲ್ಲಿ ಹಳ್ಳಿಗಾಡಿನ ಬೆಳ್ಳಿ ಒಡವೆಗಳು ಕರಗಲು ಬಂದವು. ಯಾವ ಜಿಪುಣನೂ ಹೀಗೆ ಮಾಡುವುದಿಲ್ಲ. ಆದರೆ ಇಲ್ಲೇ ಒಂದು ಆಕ್ಷೇಪ ಎದುರಾಗುತ್ತದೆ: ವಿಮೆ ಇದ್ದೂ ಇಷ್ಟು ಜನ ಸತ್ತರಲ್ಲ, ಅದರಿಂದ ಆದ ಉಪಕಾರವೇನು? ಸತ್ತವರಲ್ಲಿ ಬಹುಪಾಲು ಜನ ಕೂಲಿಗಳು, ನೇಕಾರರು, ಭೂಮಿಯಿಲ್ಲದವರು. ಅವರ ಮೈಮೇಲೆ ಬೆಳ್ಳಿ ಇರಲೇ ಇಲ್ಲ, ಅಥವಾ ಒಂದೆರಡು ತಿಂಗಳ ರಾಗಿಗೆ ಸಾಲುವಷ್ಟಿತ್ತು. ಮೇಲಾಗಿ ಊರಿಗೆ ಊರೇ ಒಮ್ಮೆಗೆ ಒಡವೆ ಮಾರಲು ನಿಂತಾಗ ಕೊಳ್ಳುವ ಸಾಹುಕಾರ ಬೆಲೆ ಇಳಿಸುತ್ತಾನೆ, ಕಾಳಿನ ಬೆಲೆಯೋ ಆಕಾಶ ಮುಟ್ಟಿರುತ್ತದೆ. ಆದ್ದರಿಂದ ಒಡವೆಯ ವಿಮೆ ಅಸಮವಾಗಿತ್ತು, ಅಪೂರ್ಣವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಆದರೆ ಇದರಿಂದ ಹೊರಡುವ ತೀರ್ಮಾನ ಜನ ಅತಿಯಾಗಿ ಕೂಡಿಟ್ಟರೆಂಬುದಲ್ಲ. ಕೂಡಿಡಲು ಬಹಳ ಜನರ ಬಳಿ ಏನೂ ಇರಲಿಲ್ಲವೆಂಬುದು.

ಎರಡನೆಯ ಪೆಟ್ಟು ಕಾನೂನಿನಿಂದಲೇ ಬಂತು. ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಕುಸಿಯುತ್ತಿದ್ದಾಗ, ಲಂಡನ್ನಿಗೆ ಪೌಂಡಿನಲ್ಲಿ ಹಣ ಕಳಿಸಬೇಕಿದ್ದ ಭಾರತ ಸರ್ಕಾರ ಹರ್ಷೆಲ್ ಸಮಿತಿಯ ಶಿಫಾರಸಿನ ಮೇರೆಗೆ 1893ರ ಜೂನ್‌ನಲ್ಲಿ ಟಂಕಸಾಲೆಗಳ ಬಾಗಿಲನ್ನು ಖಾಸಗಿ ಬೆಳ್ಳಿಗೆ ಮುಚ್ಚಿತು. ರೂಪಾಯಿಯ ಬೆಲೆ ಆಮೇಲೆ 1 ಷಿಲಿಂಗ್ 4 ಪೆನ್ಸಿಗೆ ನಿಂತಿತು. ಕಡಗದ ಬೆಲೆ ಮಾತ್ರ ಬೆಳ್ಳಿಯ ಜೊತೆಗೇ ಜಾರಿತು. 1899ರ ಹೊತ್ತಿನ ಲಂಡನ್ ಬೆಲೆಯಲ್ಲಿ ಲೆಕ್ಕ ಹಾಕಿದರೆ ಒಂದು ರೂಪಾಯಿಯೊಳಗಿದ್ದ ಬೆಳ್ಳಿಯ ಬೆಲೆ ಸುಮಾರು ಹತ್ತು ಆಣೆ. ಹದಿನಾರು ಆಣೆ ಕೊಟ್ಟು ಕೂಡಿಟ್ಟ ವಿಮೆ ಒಂದು ಶಾಸನದ ಮೂಲಕ ಆರು ಆಣೆ ಕಳೆದುಕೊಂಡಿತು, ಅದೂ 1896ರಿಂದ 1900ರವರೆಗೆ ಬರದ ಮೇಲೆ ಬರ ಬಿದ್ದ ಕಾಲದಲ್ಲಿ. ದಾದಾಭಾಯಿ ನವರೋಜಿಯವರ ಪೀಳಿಗೆಯ ನಾಯಕರು ಇದನ್ನು ಬಡವರ ಉಳಿತಾಯದ ಮೇಲಿನ ಗುಪ್ತ ತೆರಿಗೆಯಾಗಿ ಕಂಡದ್ದರಲ್ಲಿ ಅತಿಶಯವೇನೂ ಇಲ್ಲ. ಬೆಳ್ಳಿಯನ್ನು ನಂಬಿ ಕೆಟ್ಟವರು ಆಮೇಲೆ ಕೈಲಾದಮಟ್ಟಿಗೆ ಚಿನ್ನಕ್ಕೆ ತಿರುಗಿದರೆ ಅದನ್ನು ಮೋಹವೆನ್ನುವುದೋ ಅನುಭವವೆನ್ನುವುದೋ?

ಒಡವೆಯ ಹಿಂದೆ ಇನ್ನೊಂದು ಕಾನೂನೂ ಇತ್ತು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಹಕ್ಕಿನ ಆಧಾರವಾಯಿತು. ಅವಿಭಕ್ತ ಕುಟುಂಬದ ಜಮೀನಿನಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಾಲು, ಹೆಣ್ಣುಮಕ್ಕಳಿಗೆ ಇಲ್ಲ. ಹೆಣ್ಣಿನದು ಎಂದು ನಿರ್ವಿವಾದವಾಗಿ ಹೇಳಬಹುದಾಗಿದ್ದದ್ದು ಸ್ತ್ರೀಧನ, ಅದರಲ್ಲೂ ಮೈಮೇಲಿನ ಒಡವೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯಿದೆ ತಂದು ಕೆಲವು ಹಕ್ಕು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಸಿಗಲು ಕರ್ನಾಟಕದಲ್ಲಿ 1994ರವರೆಗೆ, ದೇಶಕ್ಕೆಲ್ಲ 2005ರವರೆಗೆ ಕಾಯಬೇಕಾಯಿತು. ಭೂಮಿ ಬರೆಯಿಸಿಕೊಳ್ಳಲಾಗದವರು ಭೂಮಿಯ ಬದಲು ಬಂಗಾರ ಇಟ್ಟುಕೊಂಡರು. ಪುರಂದರದಾಸರ ಬಗೆಗಿನ ಐತಿಹ್ಯದಲ್ಲೇ ಇದು ಅಚ್ಚೊತ್ತಿದೆ. ಬಡವನ ವೇಷದಲ್ಲಿ ಬಂದು ಮಗನ ಮುಂಜಿಗೆ ದುಡ್ಡು ಕೇಳಿದವನನ್ನು, ಮುಂದೆ ಪುರಂದರದಾಸರಾದ ಗಿರವಿ ವ್ಯಾಪಾರಿ ಶ್ರೀನಿವಾಸನಾಯಕ ದಿನಗಟ್ಟಲೆ ಅಲೆಸುತ್ತಾನೆ. ಅವನ ಹೆಂಡತಿ ತವರಿನವರು ಕೊಟ್ಟ ಮೂಗುತಿಯನ್ನು ಬಿಚ್ಚಿಕೊಡುತ್ತಾಳೆ. ಈ ಕತೆಯನ್ನು ನಾವು ಜಿಪುಣನ ಮನಃಪರಿವರ್ತನೆಯ ಕತೆಯಾಗಿ ಕೇಳುತ್ತ ಬಂದಿದ್ದೇವೆ. ಆಸ್ತಿಯ ಕಣ್ಣಿನಿಂದ ನೋಡಿದರೆ, ನವಕೋಟಿ ನಾರಾಯಣನೆನಿಸಿದವನ ಮನೆಯಲ್ಲಿ ಅವಳು ಗಂಡನ ಅಪ್ಪಣೆಯಿಲ್ಲದೆ ದಾನ ಮಾಡಬಹುದಾಗಿದ್ದ ವಸ್ತು ಅದೊಂದೇ. ಲೋಭ ತಿಜೋರಿಯಲ್ಲಿತ್ತು; ಔದಾರ್ಯಕ್ಕೆ ಆಧಾರವಾದದ್ದು ಒಡವೆ.

ಮೊದಲ ಮಹಾಯುದ್ಧ ಕೂಡಿಡುವಿಕೆಯ ಇನ್ನೊಂದು ಮುಖ ತೋರಿಸಿತು. ಬ್ರಿಟನ್ನಿನ ಯುದ್ಧಕ್ಕೆ ಭಾರತ ಧಾನ್ಯ, ಸೆಣಬು, ಚರ್ಮ ಕಳಿಸಿತು. ಪ್ರತಿಯಾಗಿ ಬರಬೇಕಿದ್ದ ಸರಕು ಬರಲಿಲ್ಲ. ಜನರ ಕೈಯಲ್ಲಿ ರೂಪಾಯಿ ಉಳಿಯಿತು, ಅಂಗಡಿಯಲ್ಲಿ ಮಾಲಿರಲಿಲ್ಲ. ಸರ್ಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟನ್ನೂ 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟನ್ನೂ ಹೊರತಂದಾಗ ಜನ ಅನುಮಾನಪಟ್ಟರು, ಬೆಳ್ಳಿ ರೂಪಾಯಿಯನ್ನು ಬಿಗಿಹಿಡಿದರು, ನೋಟು ಕೊಟ್ಟು ಬೆಳ್ಳಿ ಕೇಳಿದರು. ಕೊನೆಗೆ ಅಮೆರಿಕ 1918ರ ಏಪ್ರಿಲಿನಲ್ಲಿ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತದ ರೂಪಾಯಿಗಾಗಿ ಮಾರಬೇಕಾಯಿತು. ಭಾರತೀಯರ ಬೆಳ್ಳಿ ಹುಚ್ಚು ಯುದ್ಧದ ಖಜಾನೆಗೇ ಕುತ್ತು ತಂದಿತು ಎಂಬ ಮಾತು ಆಗ ಕೇಳಿಬಂತು. ಆದರೆ ಕೊಳ್ಳಲು ಏನೂ ಸಿಗದಿದ್ದಾಗ ಹಣ ಇಟ್ಟುಕೊಳ್ಳದೆ ಇನ್ನೇನು ಮಾಡಬೇಕಿತ್ತು? ಸರಕು ಕೊಟ್ಟವನು ಬೆಲೆ ಕೇಳಿದರೆ ಅದು ಸಾಲಗಾರನ ಕಿವಿಗೆ ಮಾತ್ರ ದುರಾಸೆಯಾಗಿ ಕೇಳಿಸುತ್ತದೆ.

ನಿರ್ಣಾಯಕ ಸಾಕ್ಷಿ ಸಿಗುವುದು 1931ರಲ್ಲಿ. ಮಹಾ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಅರ್ಧಕ್ಕೆ ಇಳಿದಿತ್ತು; ಕಂದಾಯ ಇಳಿಯಲಿಲ್ಲ, ಸಾಹುಕಾರನ ಬಡ್ಡಿ ಇಳಿಯಲಿಲ್ಲ. ಆ ವರ್ಷ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಮಾನದಂಡವನ್ನು ಕೈಬಿಟ್ಟಿತು. ರೂಪಾಯಿಯನ್ನು ಪೌಂಡಿಗೇ ಗಂಟುಹಾಕಿದ್ದರಿಂದ, ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದ ಚಿನ್ನದ ಬೆಲೆ ಕೆಲವೇ ತಿಂಗಳಲ್ಲಿ ಮೂವತ್ತರ ಹತ್ತಿರ ಹೋಯಿತು. ಮನೆಗಳಿಂದ ಬಂಗಾರ ಹೊರಬಂತು. ಹಳ್ಳಿಯ ಸಾಹುಕಾರನಿಂದ ಪೇಟೆಯ ಚಿನಿವಾರನಿಗೆ, ಅವನಿಂದ ಬೊಂಬಾಯಿಯ ಬಂದರಿಗೆ, ಅಲ್ಲಿಂದ ಲಂಡನ್ನಿಗೆ. ಆ ದಶಕದಲ್ಲಿ ಹೀಗೆ ಹೋದ ಚಿನ್ನದ ಬೆಲೆ 300 ಕೋಟಿ ರೂಪಾಯಿಗೂ ಹೆಚ್ಚು. ಶತಮಾನಗಳಿಂದ ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲವೆಂಬ ಸಿದ್ಧಾಂತ ಕೆಲವೇ ವರ್ಷಗಳಲ್ಲಿ ಸುಳ್ಳಾಯಿತು. ಕಷ್ಟದ ಚಿನ್ನ ಎಂಬ ಹೆಸರೇ ಅದಕ್ಕೆ ಬಿತ್ತು. ರಫ್ತು ತಡೆಯಿರಿ, ಇಲ್ಲವೇ ಸರ್ಕಾರವೇ ಕೊಂಡು ಭಾರತದ ಮೀಸಲಿಗೆ ಸೇರಿಸಲಿ ಎಂದು ಇಲ್ಲಿನ ವರ್ತಕರೂ ರಾಷ್ಟ್ರೀಯ ನಾಯಕರೂ ಕೇಳಿಕೊಂಡರು; ಸರ್ಕಾರ ಒಪ್ಪಲಿಲ್ಲ. ಕುಸಿಯುತ್ತಿದ್ದ ಪೌಂಡಿಗೆ ಆ ಚಿನ್ನ ಊರುಗೋಲಾಯಿತು. ಹೂತಿಟ್ಟಾಗ ಸತ್ತ ಹಣವೆನಿಸಿದ್ದು ಲಂಡನ್ನಿನ ದಾರಿ ಹಿಡಿದೊಡನೆ ಜೀವ ತಳೆಯಿತು.

ಇದಕ್ಕೆ ಗಂಭೀರವಾದ ಆಕ್ಷೇಪವಿದೆ. ಹೊರಬಂದದ್ದೆಲ್ಲ ಕಷ್ಟದ ಚಿನ್ನವಲ್ಲ. ಬೆಲೆ ಏರಿದಾಗ ಲಾಭಕ್ಕೆ ಮಾರಿದವರೂ ಬಹಳ ಜನ, ವರ್ಷಗಳು ಕಳೆದಂತೆ ಅವರ ಪಾಲೇ ಹೆಚ್ಚಾಯಿತು ಎಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಈ ವಾದದಲ್ಲಿ ಹುರುಳಿದೆ. ಮೊದಲ ಅಲೆಯ ಮಾರಾಟಗಾರನ ಹಿಂದೆ ಕಂದಾಯದ ನೋಟೀಸು ಇತ್ತು. ಆಮೇಲಿನವರಲ್ಲಿ ಹಲವರ ಮುಂದೆ ಏರಿದ ದರವಷ್ಟೇ ಇತ್ತು. ಆದರೆ ಇದು ಜಿಪುಣತನದ ಆರೋಪವನ್ನು ಉಳಿಸುವುದಿಲ್ಲ, ಇನ್ನಷ್ಟು ಸಡಿಲಿಸುತ್ತದೆ. ಅಗ್ಗವಾದಾಗ ಕೊಂಡು ತುಟ್ಟಿಯಾದಾಗ ಮಾರುವವನನ್ನು ವ್ಯಾಪಾರಿ ಎನ್ನಬಹುದು, ಲೆಕ್ಕಾಚಾರದವನು ಎನ್ನಬಹುದು, ಲೋಹದ ಮೋಹಕ್ಕೆ ಕುರುಡಾದವನು ಎನ್ನಲಾಗದು. ಕಷ್ಟಕ್ಕೋ ಲಾಭಕ್ಕೋ, ಎರಡು ದಾರಿಯಲ್ಲೂ ಗಂಟು ಬಿಚ್ಚಿತು.

ಇನ್ನು ಬ್ಯಾಂಕುಗಳ ಮಾತು. ಜನ ಬ್ಯಾಂಕಿಗೆ ಬರುವುದಿಲ್ಲವೆಂಬ ದೂರಿನ ಜೊತೆಗೆ ಬ್ಯಾಂಕು ಜನರ ಬಳಿ ಹೇಗೆ ಬಂತೆಂಬುದನ್ನೂ ನೋಡಬೇಕು. ಮದರಾಸಿನ ಪ್ರತಿಷ್ಠಿತ ಇಂಗ್ಲಿಷ್ ಸಂಸ್ಥೆ ಅರ್ಬತ್‌ನಾಟ್ ಅಂಡ್ ಕಂಪನಿ 1906ರ ಅಕ್ಟೋಬರಿನಲ್ಲಿ ದಿವಾಳಿಯೆದ್ದು ಸಾವಿರಾರು ಠೇವಣಿದಾರರನ್ನು ಮುಳುಗಿಸಿತು. ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ಜೈಲಿಗೆ ಹೋದ. 1913ರಿಂದ ಲಾಹೋರಿನ ಪೀಪಲ್ಸ್ ಬ್ಯಾಂಕು, ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಸೇರಿ ಹತ್ತಾರು ಬ್ಯಾಂಕುಗಳು ಸಾಲುಸಾಲಾಗಿ ಮುಚ್ಚಿದವು. ಇದನ್ನೆಲ್ಲ ನೋಡಿದವರಿಗೆ ಪೆಟ್ಟಿಗೆಯೇ ಮೇಲು ಎನಿಸಿದ್ದು ಸಹಜ. ಆದರೆ ಅದೇ 1906ರಲ್ಲಿ, ಅದೇ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಒಂದೊಂದು ಸಂಸ್ಥೆ ಕಟ್ಟಿದರು. ಅವೇ ಮುಂದೆ ಕಾರ್ಪೊರೇಶನ್ ಬ್ಯಾಂಕು, ಕೆನರಾ ಬ್ಯಾಂಕು ಆದವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಆಮೇಲೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟು ದಿನಾ ಬಾಗಿಲಿಗೆ ಬರುತ್ತಾನೆ, ದಿನಕ್ಕೆ ಎರಡಾಣೆಯಿಂದ ಕಟ್ಟಬಹುದು, ಕಟ್ಟಿದ್ದಕ್ಕೆ ಕೈಯಲ್ಲಿ ಪುಸ್ತಕದ ಗುರುತು. ಮೀನು ಮಾರುವವರು, ಬೀದಿ ವ್ಯಾಪಾರಿಗಳು, ಸಣ್ಣ ಅಂಗಡಿಯವರು ಹಣ ಕಟ್ಟಿದರು. ಪಿಗ್ಮಿ ಎಂಬ ಹೆಸರು ಕರ್ನಾಟಕದ ಪೇಟೆಗಳಲ್ಲಿ ಕನ್ನಡದ್ದೇ ಪದವಾಗಿಹೋಯಿತು. ಈ ಜಿಲ್ಲೆಯ ಜನ ಬೇರೆ ಭಾರತೀಯರಿಗಿಂತ ಬೇರೆ ಸ್ವಭಾವದವರೇನಲ್ಲ, ಅವರ ಮನೆಗಳಲ್ಲಿ ಬಂಗಾರವೂ ಕಡಿಮೆಯಿರಲಿಲ್ಲ. ಬಾಗಿಲಿಗೆ ಬಂದವನು ಊರಿನ ಗೊತ್ತಿದ್ದ ಮುಖ, ಮೊತ್ತ ಕೈಗೆಟಕುವಂಥದು, ಕೇಳಿದಾಗ ಹಣ ಸಿಗುತ್ತದೆಂಬ ಭರವಸೆ ಇತ್ತು. ಸ್ವಭಾವವೆಂದು ಕರೆದದ್ದು ಈ ಮೂರರ ಮುಂದೆ ಕರಗಿತು.

ಕೇನ್ಸನ ವಾದದ ಬಲವಾದ ರೂಪವನ್ನು ಇಲ್ಲಿ ಎದುರಿಸಬೇಕು. ಮನೆಮನೆಗೂ ಲಾಭವಾದದ್ದು ದೇಶಕ್ಕೆ ನಷ್ಟವಾಗಬಹುದು. ರಫ್ತಿನ ಗಳಿಕೆ ಲೋಹವಾಗಿ ಕೊರಳಿಗೇರಿದರೆ ಕಾಲುವೆಗೂ ಕಾರ್ಖಾನೆಗೂ ಬಂಡವಾಳವೆಲ್ಲಿಂದ ಬರಬೇಕು? ಇದು ಸರಿಯಾದ ಮಾತು, ಇಂದಿಗೂ ಸರಿ. ಭಾರತದ ಮನೆಗಳಲ್ಲಿರುವ ಚಿನ್ನ ಸುಮಾರು 25,000 ಟನ್ ಎಂಬ ಅಂದಾಜಿದೆ. ಕೋಲಾರ ತನ್ನ ಆಯುಷ್ಯದುದ್ದಕ್ಕೂ ಕೊಟ್ಟದ್ದು ಸುಮಾರು 800 ಟನ್. ಮನೆಗಳಲ್ಲಿರುವ ಚಿನ್ನದ ಬಹುಭಾಗ ಆಮದಾದದ್ದು, ವಿದೇಶಿ ವಿನಿಮಯ ತೆತ್ತು ತಂದದ್ದು. ವೆಚ್ಚ ಇದೆ, ದೊಡ್ಡದೇ ಇದೆ. ವಿವಾದ ಇರುವುದು ಆ ವೆಚ್ಚಕ್ಕೆ ಯಾರು ಹೊಣೆ ಎಂಬಲ್ಲಿ. ಆಪತ್ತಿನ ಹೊರೆಯನ್ನು ಊರೆಲ್ಲ ಹಂಚಿಕೊಳ್ಳುವ ಏರ್ಪಾಡು ಇದ್ದರೆ ಸ್ವಲ್ಪ ಮೀಸಲು ಸಾಕು; ಒಬ್ಬೊಬ್ಬರೂ ತಮ್ಮ ಆಪತ್ತನ್ನು ತಾವೇ ಹೊರಬೇಕಾದರೆ ಪ್ರತಿ ಮನೆಗೂ ಪೂರ್ತಿ ಮೀಸಲು ಬೇಕು. ಅತಿಯಾದ ಚಿನ್ನ ಹೀಗೆ ಹಂಚಿಕೊಳ್ಳುವ ಏರ್ಪಾಡಿನ ಕೊರತೆಯ ಅಳತೆಗೋಲು. ಕೇನ್ಸ್ ರೋಗದ ಲಕ್ಷಣವನ್ನು ಸರಿಯಾಗಿ ಕಂಡ, ರೋಗವನ್ನು ರೋಗಿಯ ಗುಣದಲ್ಲಿ ಹುಡುಕಿದ.

ಸ್ವತಂತ್ರ ಭಾರತವೂ ರೋಗಿಯ ಗುಣವನ್ನೇ ತಿದ್ದುವ ಔಷಧಿಯನ್ನು ಮುಂದುವರಿಸಿತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದರು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡುವಂತಿರಲಿಲ್ಲ. ಆಸೆ ಕಡಿಮೆಯಾಗಲಿಲ್ಲ, ಕಸುಬು ನಿಂತಿತು. ಸಾವಿರಾರು ಅಕ್ಕಸಾಲಿಗಳ ಒಲೆ ಆರಿತು, ಆತ್ಮಹತ್ಯೆಗಳಾದವು, ಕಳ್ಳಸಾಗಣೆ ಬೆಳೆಯಿತು. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತು. ಮರುವರ್ಷ, 1991ರಲ್ಲಿ, ಆಮದಿಗೆ ಡಾಲರಿಲ್ಲದೆ ದೇಶವೇ ಕಂಗೆಟ್ಟಾಗ ಸರ್ಕಾರ 20 ಟನ್ ಚಿನ್ನ ಮಾರಿತು, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. ಕಷ್ಟದಲ್ಲಿ ರೈತನ ಹೆಂಡತಿ ಏನು ಮಾಡುತ್ತಾಳೋ ದೆಹಲಿಯೂ ಅದನ್ನೇ ಮಾಡಿತು. ಅದನ್ನು ಯಾರೂ ಜಿಪುಣತನವೆನ್ನಲಿಲ್ಲ, ದೂರದೃಷ್ಟಿಯ ಮೀಸಲು ಎಂದರು. ಕಾಗದದ ಹಣವನ್ನು ನಂಬಿದವರಿಗೆ ಪಾಠ 2016ರ ನವೆಂಬರಿನಲ್ಲಿ ಬಂತು. ಚಲಾವಣೆಯ ಮೌಲ್ಯದ ಶೇ 86ರಷ್ಟಿದ್ದ ನೋಟುಗಳು ರಾತ್ರೋರಾತ್ರಿ ರದ್ದಾದಾಗ ಗಂಡನಿಗೂ ಹೇಳದೆ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದ ಹೆಂಗಸರ ಉಳಿತಾಯ ಬಯಲಿಗೆ ಬಿತ್ತು. ರದ್ದಾದ ನೋಟುಗಳಲ್ಲಿ ಶೇ 99.3ರಷ್ಟು ಮರಳಿದವೆಂದು ರಿಸರ್ವ್ ಬ್ಯಾಂಕಿನ 2018ರ ವಾರ್ಷಿಕ ವರದಿ ಹೇಳಿತು. ಕತ್ತಲಲ್ಲಿ ಕೊಳೆಯುತ್ತಿವೆಯೆಂದು ಊಹಿಸಿದ್ದ ನೋಟಿನ ರಾಶಿಗಳು ಆ ಪ್ರಮಾಣದಲ್ಲಿ ಇರಲೇ ಇಲ್ಲ.

ಕೊನೆಯ ಆಕ್ಷೇಪ ನಮ್ಮೊಳಗಿನದು. ಕೂಡಿಡುವುದನ್ನು ಟೀಕಿಸಿದವರು ಇಂಗ್ಲಿಷರಷ್ಟೇ ಅಲ್ಲ. ಶರಣರು, ದಾಸರು, ಸರ್ವಜ್ಞ ಎಲ್ಲರೂ ಲೋಭವನ್ನು ಹಳಿದಿದ್ದಾರೆ. ಮದುವೆ ಮಂಟಪದ ಬಂಗಾರದಲ್ಲಿ ವಿಮೆಗಿಂತ ಮೆರೆತವೇ ಹೆಚ್ಚಲ್ಲವೇ? ವರದಕ್ಷಿಣೆಯಾಗಿ ಹೋದ ಒಡವೆ ಅತ್ತೆಮನೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡರೆ ಅದು ಯಾವ ಹೆಣ್ಣಿನ ಭದ್ರತೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಮೆರೆತಕ್ಕೂ ವರದಕ್ಷಿಣೆಗೂ ಈ ಬರಹ ವಕಾಲತ್ತು ಹಾಕುವುದಿಲ್ಲ. ಸ್ತ್ರೀಧನವೆಂಬ ಹೆಸರಿನಲ್ಲಿ ಹೆಣ್ಣಿನ ಕೈತಪ್ಪಿಹೋದ ಬಂಗಾರದ ಲೆಕ್ಕವೂ ದೊಡ್ಡದಿದೆ. ಆದರೆ ನಮ್ಮ ಸಂತರ ಟೀಕೆ ಹೊರಗಿನವರ ಟೀಕೆಗಿಂತ ಬೇರೆ. ಅವರು ಇದ್ದವನು ಹಸಿದವನಿಗೆ ಕೊಡಲಿಲ್ಲವೆಂದು ಬೈದರು, ಬಡವಿ ಬರಗಾಲಕ್ಕೆ ಇಟ್ಟುಕೊಂಡಳೆಂದು ಬೈಯಲಿಲ್ಲ. ಅವರ ಬೆರಳು ತೋರಿದ್ದು ಕೊಡದ ಕೈಯ ಕಡೆಗೆ. ಸಮಿತಿಗಳ ವರದಿಗಳಲ್ಲಿ ಕೊಡದವನೂ ಇಟ್ಟುಕೊಂಡವಳೂ ಒಂದೇ ಅಂಕಣದಲ್ಲಿ ಸೇರಿಹೋದರು.

ಆ ಬೆರಕೆಯಿಂದ ಆದ ನಷ್ಟ ಮಾತಿನದಷ್ಟೇ ಅಲ್ಲ. ರೋಗ ಸ್ವಭಾವದಲ್ಲಿದೆ ಎಂದು ನಂಬಿದ ಸರ್ಕಾರಗಳು ಟಂಕಸಾಲೆ ಮುಚ್ಚಿದವು, ಕ್ಯಾರೆಟ್ ಇಳಿಸಿದವು, ನೋಟು ರದ್ದು ಮಾಡಿದವು, ಉಪದೇಶ ಮಾಡಿದವು. ಪ್ರತಿ ಸಲವೂ ಜನ ಪಾಠ ಕಲಿತರು, ಆದರೆ ಉದ್ದೇಶಿಸಿದ್ದಕ್ಕೆ ತದ್ವಿರುದ್ಧವಾದ ಪಾಠ: ಸರ್ಕಾರದ ಕೈಗೆ ಸಿಗದ ರೂಪದಲ್ಲಿ ಉಳಿಸಬೇಕು. 2015ರಿಂದ ಮನೆಯ ಚಿನ್ನವನ್ನು ಬ್ಯಾಂಕಿಗೆ ತರಿಸುವ ಯೋಜನೆಗೆ ಬಂದದ್ದು ಮನೆಗಳಲ್ಲಿರುವುದರ ಮುಂದೆ ತೀರಾ ಅಲ್ಪ. ಅದೇ ಮನೆಯವರು ಬಿತ್ತನೆಗೂ ಆಸ್ಪತ್ರೆಗೂ ಮಗಳ ಕಾಲೇಜಿಗೂ ಅದೇ ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ಸಾಲ ಪಡೆಯಲು ಸಾಲುಗಟ್ಟಿ ನಿಲ್ಲುತ್ತಾರೆ. ಅಂದರೆ ಚಿನ್ನ ಇಂದಿಗೂ ದುಡಿಯುತ್ತಿದೆ, ಬೆಳೆವಿಮೆಯ ಕೆಲಸ, ಪಿಂಚಣಿಯ ಕೆಲಸ, ಆರೋಗ್ಯ ವಿಮೆಯ ಕೆಲಸ ಮಾಡುತ್ತಿದೆ, ಅದೂ ದುಬಾರಿ ಬೆಲೆಗೆ. ಆ ಕೆಲಸಗಳನ್ನು ಅಗ್ಗವಾಗಿ, ತಪ್ಪದೆ ಮಾಡಿಕೊಡುವ ಏರ್ಪಾಡು ಬಂದ ಕಡೆ ಗಂಟು ತಾನಾಗಿ ಹಗುರವಾಗುತ್ತದೆ. ಎರಡಾಣೆಯ ಪಿಗ್ಮಿ ತೋರಿಸಿದ್ದು ಅದನ್ನೇ. ಅಲ್ಲಿಯವರೆಗೆ ಕಡಗ ಮಾಡಿಸಿಟ್ಟುಕೊಂಡವಳಿಗೆ ಮಿತವ್ಯಯದ ಪಾಠ ಹೇಳುವ ಅರ್ಹತೆ, ಅವಳ ಕಡಗದ ಆರು ಆಣೆ ಕಳೆದ ವ್ಯವಸ್ಥೆಗೆ ಇಲ್ಲ.